ಮಧುಮೇಹ: ಕಣ್ಣೆಂಬ ಅಮಾನತನ್ನು ಕಾಪಾಡೋಣ

(ಜಮಾಅತಿನ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಾವು ವೈದ್ಯರಲ್ಲ. ಆದರೂ ಈ ವಿಷಯದ ಕುರಿತು ಮಾತನಾಡಲು ಒಪ್ಪಿಕೊಂಡುದಕ್ಕೆ ಒಂದು ಕಾರಣವಿದೆ. ಅದು ಸ್ವಲ್ಪ ನಾಚಿಕೆಯ ಕಾರಣ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

ನಮ್ಮಲ್ಲಿ ಹಲವರಿಗೆ ಅಲಿಫ್, ಬಾ ಕಲಿಸಿದ ಒಬ್ಬ ಉಸ್ತಾದರಿದ್ದರು. ಹೆಸರು ಬೇಡ. ಮೂವತ್ತಕ್ಕೂ ಹೆಚ್ಚು ವರ್ಷ ಮದ್ರಸದಲ್ಲಿ ಕುರ್‌ಆನ್ ಕಲಿಸಿದವರು. ಅವರಿಗೆ ಸಕ್ಕರೆ ಕಾಯಿಲೆಯಿರುವುದು ಎಲ್ಲರಿಗೂ ಗೊತ್ತಿತ್ತು. ಮಾತ್ರೆ ನುಂಗುತ್ತಿದ್ದರು, ಮುಗಿದಾಗ ಅದೇ ಹಳೆಯ ಚೀಟಿ ತೋರಿಸಿ ಮತ್ತೆ ತರಿಸುತ್ತಿದ್ದರು. ಒಂದು ದಿನ ಮುಸ್‌ಹಫಿನ ಸಾಲುಗಳು ಸೊಟ್ಟಗೆ ಕಾಣುತ್ತಿವೆ ಎಂದರು. ಕನ್ನಡಕ ಹಳೆಯದಾಯಿತು ಎಂದುಕೊಂಡೆವು. ಎರಡು ವರ್ಷಗಳಲ್ಲಿ ಮೂರು ಸಲ ಕನ್ನಡಕ ಬದಲಾಯಿತು. ಕೊನೆಗೆ ಒಂದು ಮುಂಜಾನೆ, ಫಜ್ರ್ ನಮಾಝಿನ ಹೊತ್ತಿಗೆ, ಬಲಗಣ್ಣಿನ ಮುಂದೆ ಕಪ್ಪು ಹೊಗೆ ಕವಿದಂತಾಯಿತು. ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಇದಕ್ಕೂ ಮೊದಲು ಕಣ್ಣಿನ ಒಳಭಾಗವನ್ನು ಯಾವಾಗ ಪರೀಕ್ಷಿಸಿದ್ದರು?’ ಎಂಬುದಾಗಿತ್ತು. ಹದಿನಾಲ್ಕು ವರ್ಷಗಳ ಸಕ್ಕರೆ ಕಾಯಿಲೆಯಲ್ಲಿ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಆ ಹದಿನಾಲ್ಕು ವರ್ಷಗಳಲ್ಲಿ ನಾವು ಅವರಿಗೆ ಎರಡು ಬಾರಿ ಸನ್ಮಾನ ಮಾಡಿದ್ದೆವು. ಶಾಲು ಹೊದಿಸಿದ್ದೆವು. ಹಣ್ಣಿನ ಬುಟ್ಟಿಯ ಜೊತೆಗೆ ಸಿಹಿತಿಂಡಿಯ ಪೆಟ್ಟಿಗೆಯನ್ನೂ ಕೊಟ್ಟಿದ್ದೆವು. ಸಕ್ಕರೆ ಕಾಯಿಲೆಯ ಮನುಷ್ಯನಿಗೆ ಸಿಹಿತಿಂಡಿ! ಆದರೆ ಒಂದು ಬಾರಿಯಾದರೂ ಅವರ ಕೈ ಹಿಡಿದು ಕಣ್ಣಿನ ವೈದ್ಯರ ಬಳಿ ಕರೆದೊಯ್ಯಬೇಕೆಂದು ನಮ್ಮ ಸಮಿತಿಯ ಯಾರಿಗೂ ತೋಚಲಿಲ್ಲ. ಇಂದು ಅವರು ಕಂಠಪಾಠವಿರುವ ಸೂರಃಗಳನ್ನಷ್ಟೇ ಓದಿಕೊಳ್ಳುತ್ತಾರೆ. ಮುಸ್‌ಹಫನ್ನು ತೆರೆದು ಎದೆಗೊತ್ತಿಕೊಂಡು ಮತ್ತೆ ಮುಚ್ಚಿಡುತ್ತಾರೆ. ಈ ಭಾಷಣ ಅವರಿಗೆ ನಾವು ಸಲ್ಲಿಸಬೇಕಾದ ಸಾಲದ ಒಂದು ಕಂತು ಎಂದು ತಿಳಿಯಿರಿ.

ಬಂಧುಗಳೇ, ಸಕ್ಕರೆ ಕಾಯಿಲೆ ಕಣ್ಣಿಗೆ ಏನು ಮಾಡುತ್ತದೆ ಎಂಬುದನ್ನು ಸರಳವಾಗಿ ಅರ್ಥ ಮಾಡಿಕೊಳ್ಳೋಣ. ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಂತೆ ಒಂದು ತೆಳುವಾದ ಪರದೆಯಿದೆ. ಅದಕ್ಕೆ ಅಕ್ಷಿಪಟ ಅಥವಾ ರೆಟಿನಾ ಎನ್ನುತ್ತಾರೆ. ನಾವು ನೋಡುವ ಪ್ರತಿಯೊಂದು ದೃಶ್ಯವೂ ಮೂಡುವುದು ಅದರ ಮೇಲೆ. ಆ ಪರದೆಗೆ ಕೂದಲೆಳೆಗಿಂತಲೂ ಸೂಕ್ಷ್ಮವಾದ ರಕ್ತನಾಳಗಳು ಆಹಾರ ಒದಗಿಸುತ್ತವೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಈ ನಾಳಗಳ ಗೋಡೆಗಳು ಸಡಿಲಗೊಳ್ಳುತ್ತವೆ. ಅಲ್ಲಲ್ಲಿ ಗುಳ್ಳೆಗಳಂತೆ ಉಬ್ಬುತ್ತವೆ, ರಕ್ತ ಮತ್ತು ನೀರು ಜಿನುಗುತ್ತವೆ, ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ಇದನ್ನೇ ಡಯಾಬಿಟಿಕ್ ರೆಟಿನೋಪತಿ ಎಂದು ಕರೆಯಲಾಗುತ್ತದೆ.

ನಾಳಗಳು ಮುಚ್ಚಿದಾಗ ಹಸಿದ ಅಕ್ಷಿಪಟವು ಹೊಸ ರಕ್ತನಾಳಗಳಿಗಾಗಿ ಮೊರೆಯಿಡುತ್ತದೆ. ಹೊಸ ನಾಳಗಳು ಹುಟ್ಟುತ್ತವೆ ನಿಜ, ಆದರೆ ಅವು ಬಹಳ ದುರ್ಬಲ. ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ತುಂಬುತ್ತದೆ. ಉಸ್ತಾದರ ಕಣ್ಣ ಮುಂದೆ ಕವಿದ ಕಪ್ಪು ಹೊಗೆ ಅದೇ. ಆ ನಾಳಗಳ ಜೊತೆ ಬೆಳೆಯುವ ಪೊರೆಯಂಥ ಅಂಗಾಂಶವು ಕುಗ್ಗತೊಡಗಿದರೆ ಅಕ್ಷಿಪಟವನ್ನೇ ಅದರ ಸ್ಥಳದಿಂದ ಎಳೆದು ಕೀಳುತ್ತದೆ. ಇನ್ನೊಂದು ಅಪಾಯವೂ ಇದೆ. ಅಕ್ಷಿಪಟದ ನಡುವಿನಲ್ಲಿ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಈ ಜಾಗದಿಂದಲೇ. ಅಲ್ಲಿ ನೀರು ತುಂಬಿ ಬಾತುಕೊಂಡರೆ ಅಕ್ಷರಗಳು ಮಸುಕಾಗುತ್ತವೆ, ಸಾಲುಗಳು ಬಾಗುತ್ತವೆ. ಸಾಲುಗಳು ಸೊಟ್ಟಗಾಗಿವೆ ಎಂದು ಉಸ್ತಾದರು ಹೇಳಿದಾಗ ಕಾಯಿಲೆಯೇ ನಮ್ಮನ್ನು ಕೂಗಿ ಕರೆದಿತ್ತು. ನಾವು ಕನ್ನಡಕದಂಗಡಿಗೆ ಹೋದೆವು.

ಇಷ್ಟು ಮಾತ್ರವಲ್ಲ. ಸಕ್ಕರೆ ಕಾಯಿಲೆಯಿರುವವರಿಗೆ ಕಣ್ಣಿನ ಪೊರೆ ಇತರರಿಗಿಂತ ಬೇಗನೆ ಬರುತ್ತದೆ. ಕಣ್ಣಿನ ಒತ್ತಡ ಏರುವ ಗ್ಲಾಕೋಮದ ಭಯವೂ ಹೆಚ್ಚು. ರಕ್ತದ ಸಕ್ಕರೆ ಏರಿಳಿದಂತೆ ಕಣ್ಣಿನ ಮಸೂರವು ಉಬ್ಬಿ ಕುಗ್ಗುವುದರಿಂದ ದೃಷ್ಟಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿರುವಾಗ ಹೊಸ ಕನ್ನಡಕ ಮಾಡಿಸಿದರೆ ಕೆಲವೇ ವಾರಗಳಲ್ಲಿ ಅದು ಉಪಯೋಗಕ್ಕೆ ಬಾರದಂತಾಗಬಹುದು. ಮೊದಲು ಸಕ್ಕರೆ ಸ್ಥಿರವಾಗಲಿ, ಆಮೇಲೆ ಕನ್ನಡಕ.

ಈ ಕಾಯಿಲೆಯ ಅತ್ಯಂತ ಭಯಾನಕ ಗುಣವೆಂದರೆ ಅದರ ಮೌನ. ಆರಂಭದ ಹಂತಗಳಲ್ಲಿ ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಅಕ್ಷಿಪಟದಲ್ಲಿ ರಕ್ತ ಜಿನುಗುತ್ತಿರುವಾಗಲೂ ಮನುಷ್ಯ ಗೋಡೆಯ ಗಡಿಯಾರವನ್ನು ಸ್ಪಷ್ಟವಾಗಿ ನೋಡುತ್ತಿರುತ್ತಾನೆ. ‘ನನ್ನ ಕಣ್ಣಿಗೇನಾಗಿದೆ, ಚೆನ್ನಾಗಿಯೇ ಕಾಣುತ್ತದಲ್ಲ’ ಎನ್ನುತ್ತಾನೆ. ಅವನಿಗೆ ಕಾಣದಂತಾಗುವ ಹೊತ್ತಿಗೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಇದು ಕೆಲವರ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ನಲ್ವತ್ತು ದಾಟಿದ ಮಧುಮೇಹಿಗಳಲ್ಲಿ ಎಂಟರಲ್ಲೊಬ್ಬರಿಗೆ ರೆಟಿನೋಪತಿಯಿದೆ. ಶೇಕಡಾ 4ರಷ್ಟು ಮಂದಿಯಲ್ಲಿ ಅದು ದೃಷ್ಟಿಯನ್ನೇ ಕಸಿಯುವ ಹಂತ ತಲಪಿದೆ. ಈ ಸಭಾಂಗಣದಲ್ಲಿರುವವರ ಪೈಕಿ ಎಷ್ಟು ಮಂದಿ ಆ ಲೆಕ್ಕದೊಳಗಿದ್ದೇವೆಂದು ಕಣ್ಣಿನ ಒಳಗನ್ನು ನೋಡದೆ ಯಾರೂ ಹೇಳಲಾರರು.

ಇಲ್ಲೊಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಕನ್ನಡಿಗರಾದ ನಮಗೆ ಕಣ್ಣಿನ ಶಿಬಿರವೆಂದರೆ ನೆನಪಾಗುವುದು ಬೀಳಗಿಯಲ್ಲಿ ಹುಟ್ಟಿ, ಊರೂರು ತಿರುಗಿ, ಲಕ್ಷಾಂತರ ಬಡವರ ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರು. 2005ರಲ್ಲಿ ನಿಧನರಾದ ಆ ಮಹನೀಯರ ಸೇವೆಯನ್ನು ಈ ನಾಡು ಮರೆಯದು. ಜಾತಿ ಧರ್ಮ ನೋಡದೆ ಅವರು ಬೆಳಕು ಹಂಚಿದರು. ಆದರೆ ಅದೇ ಅನುಭವದಿಂದ, ಕಣ್ಣು ಪೂರ್ತಿ ಮಂಜಾದ ಮೇಲೆ ಹೋದರೂ ಸಾಕು, ಆಪರೇಶನ್ ಮಾಡಿ ಬೆಳಕು ಕೊಡುತ್ತಾರೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪೊರೆಗೆ ಅದು ಬಹುಮಟ್ಟಿಗೆ ನಿಜ. ಅಕ್ಷಿಪಟಕ್ಕೆ ಅದು ಸುಳ್ಳು. ಪೊರೆ ಬಂದ ಮಸೂರವನ್ನು ತೆಗೆದು ಬೇರೆ ಮಸೂರ ಇಡಬಹುದು. ಸತ್ತ ಅಕ್ಷಿಪಟವನ್ನು ಬದಲಾಯಿಸಲು ಇಂದಿಗೂ ಸಾಧ್ಯವಾಗಿಲ್ಲ. ಒಂದು ದಿನದ ಶಿಬಿರದಿಂದ ಪೊರೆಯ ಸಮಸ್ಯೆ ಬಗೆಹರಿಯಬಹುದು. ರೆಟಿನೋಪತಿಗೆ ಬೇಕಾದುದು ಪ್ರತಿ ವರ್ಷದ ತಪಾಸಣೆ.

ಆ ತಪಾಸಣೆ ಕಷ್ಟದ್ದೇನಲ್ಲ. ಕಣ್ಣಿಗೆ ಹನಿ ಹಾಕಿ ಕಣ್ಣಿನ ಪಾಪೆಯನ್ನು ಅಗಲಗೊಳಿಸಿ ಒಳಗೆ ನೋಡುತ್ತಾರೆ, ಅಥವಾ ಕ್ಯಾಮರಾದಲ್ಲಿ ಅಕ್ಷಿಪಟದ ಚಿತ್ರ ತೆಗೆಯುತ್ತಾರೆ. ಹನಿ ಹಾಕಿದ ಮೇಲೆ ಕೆಲವು ತಾಸು ಹತ್ತಿರದ್ದು ಮಸುಕಾಗುತ್ತದೆ, ಬೆಳಕು ಚುಚ್ಚುತ್ತದೆ. ಆದುದರಿಂದ ಜೊತೆಗೊಬ್ಬರಿರಲಿ, ಬೈಕ್ ಓಡಿಸಬೇಡಿ. ಅಷ್ಟೇ. ‘ಹನಿ ಹಾಕಿ ಇದ್ದ ಕಣ್ಣನ್ನೂ ಹಾಳು ಮಾಡಿದರು’ ಎಂಬುದು ಆಧಾರವಿಲ್ಲದ ಮಾತು. ವಯಸ್ಕರಿಗೆ ಬರುವ ಸಾಮಾನ್ಯ ಬಗೆಯ ಮಧುಮೇಹದಲ್ಲಿ, ಕಾಯಿಲೆ ಪತ್ತೆಯಾದ ದಿನಗಳಲ್ಲೇ ಮೊದಲ ತಪಾಸಣೆಯಾಗಬೇಕು. ಏಕೆಂದರೆ ಪತ್ತೆಯಾಗುವ ಮೊದಲೇ ಅದು ವರ್ಷಗಟ್ಟಲೆ ದೇಹದಲ್ಲಿ ಅಡಗಿ ಕುಳಿತಿರಬಹುದು. ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಬಗೆಯಲ್ಲಿ, ಐದು ವರ್ಷಗಳೊಳಗೆ ಆರಂಭಿಸಬೇಕು. ಆ ನಂತರ ವರ್ಷಕ್ಕೊಮ್ಮೆ, ಅಥವಾ ವೈದ್ಯರು ಹೇಳಿದಂತೆ. ಮೊದಲೇ ಮಧುಮೇಹವಿರುವ ಸಹೋದರಿಯರು ಗರ್ಭಿಣಿಯಾದರೆ ಮೊದಲ ಮೂರು ತಿಂಗಳೊಳಗೆ ಕಣ್ಣು ತೋರಿಸಬೇಕು. ಗರ್ಭಾವಸ್ಥೆಯಲ್ಲಿ ರೆಟಿನೋಪತಿ ವೇಗವಾಗಿ ಉಲ್ಬಣಿಸುವುದುಂಟು.

ಚಿಕಿತ್ಸೆಯೂ ಇದೆ. ಲೇಸರ್ ಚಿಕಿತ್ಸೆಯು ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತಲೂ ಹೆಚ್ಚು ಕಡಿಮೆಗೊಳಿಸುತ್ತದೆಂದು 1976ರಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿಕೊಟ್ಟಿತು. ಇಂದು ಕಣ್ಣಿನೊಳಗೆ ನೀಡುವ ಚುಚ್ಚುಮದ್ದುಗಳಿವೆ. ರಕ್ತ ತುಂಬಿದ ಅಥವಾ ಪಟ ಕಿತ್ತ ಕಣ್ಣಿಗೆ ಶಸ್ತ್ರಚಿಕಿತ್ಸೆಯಿದೆ. ಆದರೆ ಒಂದು ವಿಷಯ ಸ್ಪಷ್ಟವಾಗಿರಲಿ. ಲೇಸರ್ ಇರುವುದು ಉಳಿದ ದೃಷ್ಟಿಯನ್ನು ಕಾಯುವುದಕ್ಕೆ. ಹೋದುದನ್ನು ತಂದುಕೊಡಲು ಸಾಮಾನ್ಯವಾಗಿ ಅದಕ್ಕೆ ಸಾಧ್ಯವಿಲ್ಲ. ಲೇಸರ್ ಮಾಡಿಸಿಯೂ ಮೊದಲಿನಂತೆ ಕಾಣಲಿಲ್ಲ ಎಂದು ಅರ್ಧಕ್ಕೆ ಬಿಟ್ಟವರನ್ನು ನಾವು ನೋಡಿದ್ದೇವೆ. ಒಂದು ಚುಚ್ಚುಮದ್ದಿಗೆ ಸುಧಾರಿಸಿತೆಂದು ಮತ್ತೆ ಹೋಗದೆ ಕಣ್ಣು ಕಳಕೊಂಡವರೂ ಇದ್ದಾರೆ. ಚುಚ್ಚುಮದ್ದನ್ನು ಹಲವು ಬಾರಿ ಪಡೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮೇಲು, ಕಾಯಿಲೆ ಬಾರದಂತೆ ನೋಡಿಕೊಳ್ಳುವುದು. ಎಳೆಯರ ಬಗೆಯ ಮಧುಮೇಹದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ರೆಟಿನೋಪತಿ ಹುಟ್ಟುವ ಅಪಾಯವು ಶೇಕಡಾ 76ರಷ್ಟು ಕಡಿಮೆಯಾಗುತ್ತದೆಂದು 1993ರಲ್ಲಿ ಸಾಬೀತಾಯಿತು. ವಯಸ್ಕರ ಮಧುಮೇಹದಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ನಿಯಂತ್ರಿಸಿದರೆ ರೆಟಿನೋಪತಿ ಉಲ್ಬಣಿಸುವುದು ಶೇಕಡಾ 34ರಷ್ಟು ತಗ್ಗುತ್ತದೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ತಿಳಿಸಿತು. ಅಂದರೆ ಸಕ್ಕರೆಯೊಂದೇ ಅಲ್ಲ, ರಕ್ತದೊತ್ತಡ, ಕೊಬ್ಬು, ಮೂತ್ರಪಿಂಡ ಇವೆಲ್ಲವನ್ನೂ ನೋಡಿಕೊಳ್ಳಬೇಕು. ಬೀಡಿ ಸಿಗರೇಟು ಬಿಡಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು.

ಇನ್ನು ನಮ್ಮ ಮನೆಗಳ ಕಡೆ ನೋಡೋಣ. ಅಲ್ಲಾಹನು ತಿನ್ನಲು, ಕುಡಿಯಲು ಅನುಮತಿಸಿದನು, ಮಿತಿ ಮೀರಬಾರದೆಂದೂ ಆದೇಶಿಸಿದನು. ನಾವು ಅನುಮತಿಯನ್ನು ನೆನಪಿಟ್ಟುಕೊಂಡು ಮಿತಿಯನ್ನು ಮರೆತಿದ್ದೇವೆ. ಮದುವೆ, ಅಕೀಕಾ, ಮನೆ ಪ್ರವೇಶ ಎಲ್ಲದರಲ್ಲೂ ಬಿರಿಯಾನಿ, ತುಪ್ಪದನ್ನ, ಅದರ ಮೇಲೆ ಸಿಹಿ. ತಿನ್ನದಿದ್ದರೆ ಆತಿಥೇಯರಿಗೆ ಬೇಸರವಂತೆ! ಸಕ್ಕರೆ ಕಾಯಿಲೆಯ ಅತಿಥಿಗೆ ಒತ್ತಾಯಿಸಿ ಬಡಿಸುವುದು ಆತಿಥ್ಯವಲ್ಲ.

ಜೇನು ಮತ್ತು ಕರಿಜೀರಿಗೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಆ ಗೌರವದ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವುದಾಗಲಿ, ಸಕ್ಕರೆ ಕಾಯಿಲೆಯಲ್ಲಿ ಚಮಚಗಟ್ಟಲೆ ಜೇನು ತಿನ್ನುವುದಾಗಲಿ, ಕಣ್ಣಿಗೆ ಜೇನು ಬಿಡುವುದಾಗಲಿ ಸುನ್ನತ್ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ಚಿಕಿತ್ಸೆ ಪಡೆಯಲು ಬೋಧಿಸಿದರು. ವೈದ್ಯರ ಬಳಿಗೆ ಹೋಗುವುದು ತವಕ್ಕುಲ್‌ಗೆ ವಿರುದ್ಧವೆಂದು ಅವರು ಕಲಿಸಲಿಲ್ಲ. ಇನ್ಸುಲಿನ್ ಹರಾಮ್ ಎಂಬ ಮಾತು ಈಗಲೂ ಕೇಳಿಬರುತ್ತದೆ. ಹಿಂದೆ ಅದನ್ನು ಹಂದಿ ಮತ್ತು ದನದ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ. 1982ರಿಂದ ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ. ಇಂದು ಸಾಮಾನ್ಯವಾಗಿ ದೊರೆಯುವುದು ಇಂಥದ್ದೇ. ಸಂಶಯವಿದ್ದರೆ ಔಷಧಿಯಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ. ಸಂಶಯದಿಂದ ಕಣ್ಣು ಕಳೆದುಕೊಳ್ಳಬೇಡಿ.

ರಮಝಾನ್‌ನ ಬಗ್ಗೆಯೂ ಹೇಳಲೇಬೇಕು. ಉಪವಾಸ ಕೆಡುತ್ತದೆಂದು ಗ್ಲಾಕೋಮದ ಹನಿಗಳನ್ನು ತಿಂಗಳಿಡೀ ನಿಲ್ಲಿಸುವವರಿದ್ದಾರೆ. ಕಣ್ಣಿನ ಹನಿಗಳಿಂದಾಗಲಿ, ಪೋಷಕಾಂಶವಲ್ಲದ ಚುಚ್ಚುಮದ್ದಿನಿಂದಾಗಲಿ, ಪರೀಕ್ಷೆಗಾಗಿ ರಕ್ತ ತೆಗೆಯುವುದರಿಂದಾಗಲಿ ಉಪವಾಸ ಭಂಗವಾಗುವುದಿಲ್ಲವೆಂದು 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ನಿರ್ಣಯಿಸಿದೆ. ವೇದಿಕೆಯಲ್ಲಿರುವ ಉಲಮಾಗಳು ಇದನ್ನು ಜುಮಾ ಖುತ್ಬಾದಲ್ಲಿ ವಿವರಿಸಬೇಕೆಂದು ನಮ್ಮ ವಿನಂತಿ. ಮಧುಮೇಹಿಗಳು ರಮಝಾನ್‌ಗೆ ಒಂದೂವರೆ ಎರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಔಷಧಿಯ ಹೊತ್ತು ಹೇಗೆ ಬದಲಿಸಬೇಕೆಂದು ಕೇಳಿಕೊಳ್ಳಲಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ದಾಟಿದರೆ ಉಪವಾಸ ಮುರಿಯಬೇಕೆಂಬುದು ವೈದ್ಯರ ಸಲಹೆ. ರೋಗಿಗೆ ಅಲ್ಲಾಹನೇ ರಿಯಾಯಿತಿ ನೀಡಿರುವಾಗ ಅದನ್ನು ನಿರಾಕರಿಸಲು ನಾವ್ಯಾರು?

ಬಂಧುಗಳೇ, ಕಣ್ಣಿನ ವೈದ್ಯಶಾಸ್ತ್ರದಲ್ಲಿ ನಮ್ಮ ಪೂರ್ವಿಕರ ಪಾತ್ರವನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹನ್ನೊಂದನೆಯ ಶತಮಾನದಲ್ಲಿ ಬಗ್ದಾದಿನ ಅಲೀ ಇಬ್ನ್ ಈಸಾ ಬರೆದ ಗ್ರಂಥವು ಶತಮಾನಗಳ ಕಾಲ ಕಣ್ಣಿನ ವೈದ್ಯರ ಕೈಪಿಡಿಯಾಗಿತ್ತು. ಮೋಸುಲ್ ಮೂಲದ ಅಮ್ಮಾರ್ ಟೊಳ್ಳು ಸೂಜಿಯಿಂದ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನು ವಿವರಿಸಿದರು. ಇಬ್ನುಲ್ ಹೈಸಮ್ ನೋಟದ ರಹಸ್ಯವನ್ನು ಬಿಡಿಸಿದರು. ಆದರೆ ಅವರಲ್ಲಿ ಯಾರಿಗೂ ಜೀವಂತ ಮನುಷ್ಯನ ಅಕ್ಷಿಪಟವನ್ನು ನೋಡುವ ಸಾಧನವಿರಲಿಲ್ಲ. ಅದು ಬಂದುದು 1851ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮೂಲಕ. ಅವರಿಗಿಲ್ಲದ ಸಾಧನ ನಮಗಿದೆ. ಅವರಿಗಿದ್ದ ಕಾಳಜಿ ನಮಗಿದೆಯೇ?

ಸರಕಾರದ ಹೊಣೆಯನ್ನು ಮರೆಮಾಡುವುದು ನಮ್ಮ ಉದ್ದೇಶವಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದುದು 1976ರಲ್ಲಿ. ಆದರೂ ಸಾಮಾನ್ಯ ಮಧುಮೇಹಿಗೆ ಮಾತ್ರೆ ಊರಿನಲ್ಲಿ, ಅಕ್ಷಿಪಟದ ತಪಾಸಣೆ ಎಷ್ಟೋ ಕಡೆ ದೂರದ ಪಟ್ಟಣದಲ್ಲಿ. ದಿನಗೂಲಿಯವನಿಗೆ ಒಂದು ದಿನದ ಸಂಬಳ, ಬಸ್ಸಿನ ದರ, ಜೊತೆಗೆ ಬರುವವರ ಸಂಬಳ ಎಲ್ಲವೂ ನಷ್ಟ. 2025ರೊಳಗೆ ಆರೋಗ್ಯಕ್ಕಾಗಿ ಸರಕಾರಿ ವೆಚ್ಚವನ್ನು ರಾಷ್ಟ್ರೀಯ ಉತ್ಪನ್ನದ ಶೇಕಡಾ 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021-22ರ ಲೆಕ್ಕದಲ್ಲಿ ಅದು ಶೇಕಡಾ 1.84 ಮಾತ್ರ. ಮುಸ್ಲಿಮರು ಹೆಚ್ಚಿರುವ ಎಷ್ಟೋ ಹಳ್ಳಿಗಳಲ್ಲಿ ವೈದ್ಯಕೀಯ ಸೌಲಭ್ಯದ ಕೊರತೆಯಿದೆಯೆಂದು 2006ರಲ್ಲೇ ಸಾಚಾರ್ ಸಮಿತಿ ಎತ್ತಿ ತೋರಿಸಿತ್ತು.

ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಉದಾಹರಣೆಗಳಿವೆ. ಇಂಗ್ಲೆಂಡಿನಲ್ಲಿ 2003ರಿಂದ ಮಧುಮೇಹಿಗಳನ್ನು ಪಟ್ಟಿ ಮಾಡಿ, ಪತ್ರ ಕಳಿಸಿ ಕರೆಸಿ ಕಣ್ಣು ಪರೀಕ್ಷಿಸುವ ವ್ಯವಸ್ಥೆ ಬಂತು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ದಶಕಗಳ ಕಾಲ ಮೊದಲ ಕಾರಣವಾಗಿದ್ದ ಮಧುಮೇಹದ ಕಣ್ಣಿನ ಕಾಯಿಲೆ 2009-10ರ ಹೊತ್ತಿಗೆ ಅಲ್ಲಿ ಆ ಸ್ಥಾನದಿಂದ ಕೆಳಗಿಳಿದಿತ್ತು. ನೆರೆಯ ಕೇರಳವು ‘ನಯನಾಮೃತಂ’ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಿಗೇ ಕ್ಯಾಮರಾ ಒಯ್ದಿದೆ. ಚಿತ್ರ ತೆಗೆಯಲು ತಜ್ಞ ವೈದ್ಯರೇ ಬೇಕಾಗಿಲ್ಲ, ತರಬೇತಿ ಪಡೆದ ಸಿಬ್ಬಂದಿ ಸಾಕು. ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ಇಂಥ ವ್ಯವಸ್ಥೆ ಎಲ್ಲೆಡೆ ಇರಬೇಕೆಂದು ನಮ್ಮ ಶಾಸಕರನ್ನು ಕೇಳೋಣ. ಓಟು ಕೇಳಲು ಬರುವಾಗ ಶಾದಿ ಮಹಲ್‌ಗೆ ಅನುದಾನ ಕೇಳುವ ನಾವು, ಇದನ್ನೂ ಒಮ್ಮೆ ಕೇಳಿ ನೋಡೋಣ. ಇದು ಎಲ್ಲ ಸಮುದಾಯದವರಿಗೂ ಸಲ್ಲುವ ಬೇಡಿಕೆ. ಅಕ್ಷಿಪಟಕ್ಕೆ ಜಾತಿಯಿಲ್ಲ.

ಹಾಗೆಂದು ಸರಕಾರದತ್ತ ಬೆರಳು ತೋರಿಸಿ ಕುಳಿತುಕೊಳ್ಳುವುದೂ ಸರಿಯಲ್ಲ. ಮಸೀದಿಯ ನೆಲಕ್ಕೆ ಹೊಸ ಅಮೃತಶಿಲೆ ಹಾಸಲು ಒಂದೇ ವಾರದಲ್ಲಿ ಹಣ ಸಂಗ್ರಹಿಸಬಲ್ಲ ಜಮಾಅತಿಗೆ, ತನ್ನ ಮೊಹಲ್ಲಾದ ಮಧುಮೇಹಿಗಳ ಪಟ್ಟಿ ಮಾಡುವುದು ಕಷ್ಟವೇ? ನಾಲ್ಕು ಕೆಲಸಗಳನ್ನು ಈ ಸಭೆಯ ಮುಂದಿಡುತ್ತೇವೆ.

ಒಂದು, ಪ್ರತಿ ಜಮಾಅತ್ ಮಧುಮೇಹಿಗಳ ಪಟ್ಟಿ ಮಾಡಿ, ಪ್ರತಿಯೊಬ್ಬರ ಕೊನೆಯ ಕಣ್ಣಿನ ತಪಾಸಣೆಯ ದಿನಾಂಕವನ್ನು ಬರೆದಿಡಬೇಕು. ದಿನಾಂಕವಿಲ್ಲದವರನ್ನು ಮೊದಲು ಕರೆದೊಯ್ಯಬೇಕು. ಎರಡು, ಇಮಾಮರು, ಮುಅಝ್ಝಿನ್‌ಗಳು ಮತ್ತು ಮದ್ರಸ ಅಧ್ಯಾಪಕರ ತಪಾಸಣೆಯ ವೆಚ್ಚವನ್ನು ಜಮಾಅತೇ ಭರಿಸಬೇಕು. ಅಲ್ಪ ಸಂಬಳದಲ್ಲಿ ದುಡಿಯುವ ಅವರಲ್ಲಿ ಹೆಚ್ಚಿನವರಿಗೆ ಯಾವ ಭದ್ರತೆಯೂ ಇಲ್ಲ. ಮೂರು, ಮಹಿಳೆಯರನ್ನು ಮರೆಯಬಾರದು. ಗಂಡ ಗಲ್ಫಿನಲ್ಲಿ, ಮಗ ಬೆಂಗಳೂರಿನಲ್ಲಿ, ಕರೆದೊಯ್ಯಲು ಯಾರೂ ಇಲ್ಲವೆಂದು ಮೂಲೆಯಲ್ಲಿ ಕುಳಿತ ತಾಯಂದಿರು ಎಷ್ಟು ಮನೆಗಳಲ್ಲಿಲ್ಲ! ತಿಂಗಳಿಗೊಂದು ದಿನ ಒಂದು ವಾಹನದ ವ್ಯವಸ್ಥೆ ಮಾಡಿದರೆ ಸಾಕು. ಗಲ್ಫಿನಲ್ಲಿ ವಾಹನ ಓಡಿಸಿ ಕುಟುಂಬ ಸಾಕುವ ಸಹೋದರರೂ ರಜೆಯಲ್ಲಿ ಬಂದಾಗ ಒಂದು ದಿನವನ್ನು ಕಣ್ಣಿಗಾಗಿ ಮೀಸಲಿಡಲಿ. ಅವರ ದುಡಿಮೆಯಿರುವುದೇ ಕಣ್ಣಿನ ಮೇಲೆ. ನಾಲ್ಕು, ಲೇಸರ್ ಮತ್ತು ಚುಚ್ಚುಮದ್ದು ಆರಂಭಿಸಿದ ಬಡವರು ಹಣದ ಕೊರತೆಯಿಂದ ಅರ್ಧಕ್ಕೆ ನಿಲ್ಲಿಸದಂತೆ, ಝಕಾತಿಗೆ ಅರ್ಹರಾದವರಿಗೆ ಝಕಾತಿನಿಂದಲೂ ಉಳಿದವರಿಗೆ ಸದಕಾದಿಂದಲೂ ನೆರವಾಗಬೇಕು.

ಈಗಾಗಲೇ ದೃಷ್ಟಿ ಕಳಕೊಂಡವರ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆ ಬೆರಳ ತುದಿಯ ಸ್ಪರ್ಶವನ್ನೂ ಮಂದಗೊಳಿಸುವುದರಿಂದ ಬ್ರೈಲ್ ಕಲಿಯುವುದು ಕೂಡ ಅವರಲ್ಲಿ ಹಲವರಿಗೆ ಸುಲಭವಲ್ಲ. ಅವರಿಗೆ ನಮ್ಮ ಕನಿಕರ ಬೇಡ, ನಮ್ಮ ನಡುವೆ ಸ್ಥಾನ ಬೇಕು. ಅಂಧರಾಗಿದ್ದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ)ರನ್ನು ಪ್ರವಾದಿ(ಸ)ರು ಮುಅಝ್ಝಿನ್ ಆಗಿ ನೇಮಿಸಿದ್ದರು. ತಾವು ಮದೀನಾದಿಂದ ಹೊರಹೋಗುವಾಗ ತಮ್ಮ ಪ್ರತಿನಿಧಿಯನ್ನಾಗಿಯೂ ನಿಲ್ಲಿಸಿದ್ದರು. ನಮ್ಮ ಉಸ್ತಾದರು ಈಗ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಅವರ ಪಾರಾಯಣ ಕೇಳಿ ತಪ್ಪು ತಿದ್ದುತ್ತಾರೆ. ಅವರ ಕಿವಿಗೆ ತಪ್ಪಿಸಿಕೊಂಡು ಹೋಗುವ ಒಂದು ತಪ್ಪೂ ಇಲ್ಲ.

ಕಳೆದ ವಾರ ಈ ಸಭೆಯ ವಿಷಯ ತಿಳಿಸಲು ಹೋದಾಗ ಅವರು ಹೇಳಿದ್ದು ಇಷ್ಟೇ: ‘ಭಾಷಣ ಮಾಡಿರಿ, ಒಳ್ಳೆಯದು. ಆದರೆ ಸಭೆ ಮುಗಿದ ಮೇಲೆ ಎಷ್ಟು ಮಂದಿ ಕಣ್ಣು ತೋರಿಸಿಕೊಂಡರೆಂದು ಬಂದು ನನಗೆ ಹೇಳಿರಿ.’

ಹೊರಗಿನ ಮೇಜಿನ ಮೇಲೆ ಪುಸ್ತಕವೊಂದಿದೆ. ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ, ಕಣ್ಣು ತೋರಿಸಿದ್ದು ಯಾವಾಗ ಎಂದು ಬರೆಯಿರಿ. ಮನೆಯಲ್ಲಿರುವ ತಾಯಿ, ಹೆಂಡತಿ, ಅಣ್ಣಂದಿರ ಹೆಸರನ್ನೂ ಬರೆಯಿರಿ. ಕಣ್ಣು ನಮ್ಮ ಸ್ವತ್ತಲ್ಲ, ನಮ್ಮ ಬಳಿಯಿರುವ ಅಮಾನತು. ಅದನ್ನು ಹೇಗೆ ಬಳಸಿದಿರಿ ಎಂದು ನಾಳೆ ಪರಲೋಕದಲ್ಲಿ ನಮ್ಮನ್ನು ಪ್ರಶ್ನಿಸಲಾಗುವುದು. ಆ ಅಮಾನತನ್ನು ಕಾಪಾಡುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.